ನಾಲ್ಕು ಬೆರಳು ಎಡಕ್ಕೆ

ಇಲಾಖೆಯಲ್ಲಿ ಅವಳನ್ನು ಎಲ್ಲರೂ ಸ್ಕೇಲಕ್ಕ ಅನ್ನುತ್ತಿದ್ದರು. ಬೇರೆಯವರ ಕೊರಳಲ್ಲಿ ಗುರುತಿನ ಚೀಟಿ ನೇತಾಡುವ ಕಡೆ ಅವಳ ಕೊರಳಲ್ಲಿ ಆರಿಂಚಿನ ಉಕ್ಕಿನ ಸ್ಕೇಲು ನೇತಾಡುತ್ತಿತ್ತು. ಕಾಡು ಕಾಯುವವರ ಉಗ್ರಾಣದಲ್ಲಿ ಹದಿನೆಂಟು ವರ್ಷದಿಂದ ಪರೀಕ್ಷೆಯ ಕೆಲಸ. ಬೂಟು, ಟಾರ್ಚು, ಡೇರೆ, ಮಳೆಯಂಗಿ, ಏನೇ ಕೊಳ್ಳಲಿ, ಮೊದಲು ಮಾದರಿ ಅವಳ ಮೇಜಿಗೆ ಬರಬೇಕು. ಅವಳು ಎಳೆದು, ಬಗ್ಗಿಸಿ, ನೆನೆಸಿ, ಕಾಯಿಸಿ ನೋಡಿ 'ಆಗಬಹುದು' ಅಂತ ಬರೆದರೆ ಆಯಿತು, 'ಆಗಲ್ಲ' ಅಂತ ಬರೆದರೆ ಇಲ್ಲ. ಒಮ್ಮೆ ಸಾಹೇಬರಿಗೆ ತರಿಸಿದ ಕುರ್ಚಿಗೇ ಆಗಲ್ಲ ಅಂದಿದ್ದಳು. ಯಾರೂ ಕೇಳಲಿಲ್ಲ. ಮೂರನೇ ತಿಂಗಳು ಸಾಹೇಬರು ಕುರ್ಚಿ ಸಮೇತ ಅಂಗಾತ ಬಿದ್ದರು. ಅಂದಿನಿಂದ ಅವಳ ಮಾತಿಗೆ ತೂಕ ಬಂತು.

ಈ ಸಲ ಮೇಜಿಗೆ ಬಂದಿದ್ದು ರೈಫಲ್ಲಿನ ಸ್ಟಾಕುಗಳು. ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗದಿಂದ ಹಿಡಿದು, ಎಡಗೈ ಊರುವ ಮುಂಭಾಗದವರೆಗೆ ನಳಿಗೆಯನ್ನು ಹೊತ್ತಿರುತ್ತದಲ್ಲ, ಆ ಮೈ. ಕಾವಲುಗಾರರ ಬಂದೂಕುಗಳಿಗೆ ಹಳೆಯ ಮರದ ಸ್ಟಾಕುಗಳಿದ್ದವು, ನೀರು ಕುಡಿದು ಉಬ್ಬಿ, ಒಣಗಿ ಸೀಳಿ, ತಂತಿ ಸುತ್ತಿಸಿಕೊಂಡು ಹೇಗೋ ದಿನ ತಳ್ಳುತ್ತಿದ್ದವು. ಎಲ್ಲವನ್ನೂ ತೆಗೆದು ಹೊಸದು ಹಾಕಬೇಕು, ನಾನೂರು ಬೇಕು. ಒಂದು ಮಾದರಿ ಅಚ್ಚಿನಲ್ಲಿ ಸುರಿದ ಪ್ಲಾಸ್ಟಿಕ್ಕಿನದು. ಇನ್ನೊಂದು ಫೈಬರ್‌ಗ್ಲಾಸಿನದು, ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಪದರದ ಮೇಲೆ ಪದರ ಕೈಯಿಂದಲೇ ಒತ್ತಿ ಮಾಡಿದ್ದು. ಯಾವುದು ಅಂತ ಅವಳು ಹೇಳಬೇಕು.

ಈ ಕೆಲಸ ನನಗೆ ಬೇಡ ಅಂತ ಅವಳು ಮೊದಲ ದಿನವೇ ಹೇಳಬೇಕಿತ್ತು. ಯಾಕೆಂದರೆ ಅದೇ ಪ್ಲಾಸ್ಟಿಕ್ ಸ್ಟಾಕುಗಳಲ್ಲಿ ಹತ್ತನ್ನು ಹೋದ ವರ್ಷ ನೋಡೋಣ ಅಂತ ತರಿಸಿ ಹತ್ತು ಜನರಿಗೆ ಕೊಟ್ಟಿದ್ದರು. ಆ ಹತ್ತು ಜನರಲ್ಲಿ ಅವಳ ತಮ್ಮನೂ ಒಬ್ಬ. ಎಂಟು ತಿಂಗಳ ಹಿಂದೆ ಗಾಯಗೊಂಡ ಕಾಡುಹಂದಿಯೊಂದು ನುಗ್ಗಿ ಬಂದಾಗ ಅವನು ಹಾರಿಸಿದ ಗುಂಡು ಹಂದಿಗೆ ಬೀಳದೆ, ಅದರ ಪಕ್ಕದಲ್ಲೇ ಇದ್ದ ಜೊತೆಗಾರನ ಮೊಣಕಾಲಿಗೆ ಬಿತ್ತು. ಆ ಜೊತೆಗಾರ ಆರಡಿ ಮೂರಿಂಚಿನ ಆಳು, ಎಲ್ಲರ ಬಾಯಲ್ಲೂ ಉದ್ದಣ್ಣ. ಕಾಲು ಉಳಿಯಿತು, ಮಂಡಿ ಮಾತ್ರ ಮಡಚದಾಯಿತು. ವಿಚಾರಣೆ ನಡೆಯಿತು, ಫೈಲು ಇನ್ನೂ ಮುಚ್ಚಿರಲಿಲ್ಲ. ತಮ್ಮ ತನ್ನ ಕೋಣೆ ಖಾಲಿ ಮಾಡಿ ಅಕ್ಕನ ಮನೆಗೆ ಬಂದು ಕೂತಿದ್ದ. ಯಾರ ಜೊತೆಗೂ ಮಾತಿಲ್ಲ. ಹಾಕಿದ್ದು ತಿನ್ನುತ್ತಿದ್ದ, ಹೇಳಿದ ಕೆಲಸ ಮಾಡುತ್ತಿದ್ದ, ಕಿಟಕಿ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ನನಗೆ ಬೇಡ ಅಂತ ಅವಳು ಹೇಳಲಿಲ್ಲ. ಪ್ಲಾಸ್ಟಿಕ್ಕಿನದನ್ನು ಕೈಗೆತ್ತಿಕೊಂಡಾಗಲೇ ಅವಳ ಹೊಟ್ಟೆಯೊಳಗೆ ಒಂದು ಆಸೆ ಹುಟ್ಟಿತ್ತು. ತಪ್ಪು ಇದರದ್ದೇ ಆಗಿರಲಿ.

ಮೊದಲ ವಾರ ಆ ಆಸೆಗೆ ಪ್ಲಾಸ್ಟಿಕ್ ಸೊಪ್ಪು ಹಾಕಲಿಲ್ಲ. ಹಿಮದ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟಳು, ಬಿರುಕಿಲ್ಲ. ಬಿಸಿ ಪೆಟ್ಟಿಗೆಯಲ್ಲಿ ಇಟ್ಟಳು, ಸೊಟ್ಟಗಾಗಲಿಲ್ಲ. ಆಳೆತ್ತರದಿಂದ ಸಿಮೆಂಟು ನೆಲಕ್ಕೆ ಹತ್ತು ಸಲ ಬೀಳಿಸಿದರೆ ಚೆಂಡಿನ ಹಾಗೆ ಪುಟಿಯಿತು, ಗೀರು ಬಿಟ್ಟರೆ ಏನೂ ಇಲ್ಲ. ಫೈಬರ್‌ಗ್ಲಾಸಿನದೇ ಆರನೇ ಸಲಕ್ಕೆ ಹಿಂದಿನ ಮೂಲೆಯಲ್ಲಿ ಚಕ್ಕೆ ಎದ್ದಿತು. ಕೊರೆದು ನೋಡಿದರೆ ಪದರಗಳ ನಡುವೆ ಹೆಬ್ಬೆರಳಿನ ಉಗುರಿನಷ್ಟು ಗಾಳಿಗುಳ್ಳೆ. ಮಾಡಿದವನು ಅಲ್ಲಿ ಸರಿಯಾಗಿ ಒತ್ತಿರಲಿಲ್ಲ.

"ಇದೇ ಕೈಕೆಲಸದ ಕಷ್ಟ," ಅಂದ ಬಂದೂಕು ಮೇಸ್ತ್ರಿ. ಉಗ್ರಾಣದ ಬಂದೂಕುಗಳನ್ನೆಲ್ಲ ರಿಪೇರಿ ಮಾಡುವವನು ಅವನು, ನಿವೃತ್ತಿಗೆ ಎರಡು ವರ್ಷ ಬಾಕಿ, ಒಂದು ಕಿವಿ ಮಂದ. "ಒಬ್ಬ ಸೋಮವಾರ ಮಾಡಿದ್ದು ಒಂದು ಥರ, ಶನಿವಾರ ಮಾಡಿದ್ದು ಇನ್ನೊಂದು ಥರ. ಅಚ್ಚಿಗೆ ಆ ರೋಗ ಇಲ್ಲ. ನಾನೂರೂ ಒಂದೇ ತಾಯಿ ಮಕ್ಕಳು."

"ಗುಂಡು ಹಾರಿಸಿ ನೋಡೋಣ ಮೇಸ್ತ್ರಿಗಳೇ," ಅಂದಳು ಅವಳು.

ಗುರಿ ಅಭ್ಯಾಸದ ಮೈದಾನ ಉಗ್ರಾಣದ ಹಿಂದೆಯೇ ಇತ್ತು. ಮೂರು ಕಡೆ ಮಣ್ಣಿನ ದಿಬ್ಬ, ಒಂದು ಕಡೆ ತಗಡಿನ ಚಪ್ಪರ. ಮೇಸ್ತ್ರಿ ಒಂದೇ ಬಂದೂಕಿಗೆ ಮೊದಲು ಒಂದು ಸ್ಟಾಕು, ಆಮೇಲೆ ಇನ್ನೊಂದು ಹಾಕಿ ನೂರು ಹೆಜ್ಜೆ ದೂರಕ್ಕೆ ಐದೈದು ಗುಂಡು ಹಾರಿಸಿದ. ಎರಡೂ ಸರಿಯಾಗಿಯೇ ಇದ್ದವು, ಐದು ತೂತೂ ಒಂದು ಲೋಟದ ಬಾಯಿಯೊಳಗೆ. ಅವಳ ಮುಖ ಇಳಿಯಿತು. ಮೇಸ್ತ್ರಿ ಅದನ್ನು ನೋಡಿದ. ಬಂದೂಕಿನ ಹೆಗಲಬೆಲ್ಟನ್ನು ತೋಳಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಎಳೆದುಕೊಂಡು, "ನಮ್ಮ ಹುಡುಗರು ಹೀಗಲ್ಲವಾ ಹಿಡಿಯೋದು? ಹೀಗೂ ನೋಡಿಬಿಡೋಣ," ಅಂದ.

ಫೈಬರ್‌ಗ್ಲಾಸಿನ ಸ್ಟಾಕಿನಲ್ಲಿ ತೂತುಗಳು ಇದ್ದಲ್ಲೇ ಬಿದ್ದವು. ಪ್ಲಾಸ್ಟಿಕ್ಕಿನದಕ್ಕೆ ಬೆಲ್ಟು ಬಿಗಿದು ಹಾರಿಸಿದಾಗ ಐದೂ ಎಡಕ್ಕೆ ಸರಿದವು. ಅವಳು ಹಲಗೆಯ ತನಕ ನಡೆದು ಹೋಗಿ ಸ್ಕೇಲು ಇಟ್ಟಳು. ಮೂರಿಂಚು, ಅಂದರೆ ನಾಲ್ಕು ಬೆರಳು. ವಾಪಸು ಬಂದು ನಳಿಗೆಗೂ ಸ್ಟಾಕಿಗೂ ನಡುವಿನ ಸಂದಿಯಲ್ಲಿ ಒಂದು ಕಾಗದದ ಚೂರು ತೂರಿಸಿದಳು. ಬೆಲ್ಟು ಸಡಿಲವಿದ್ದಾಗ ಕಾಗದ ಸರಾಗವಾಗಿ ಓಡಾಡಿತು. ಮೇಸ್ತ್ರಿ ಬೆಲ್ಟು ಎಳೆದ ಕೂಡಲೇ ಕಾಗದ ಕಚ್ಚಿಕೊಂಡಿತು. ಎಡಗೈ ಊರುವ ಪ್ಲಾಸ್ಟಿಕ್ಕಿನ ಮೂತಿ ಬಾಗಿ ನಳಿಗೆಯನ್ನು ಒಂದು ಕಡೆಯಿಂದ ಒತ್ತುತ್ತಿತ್ತು.

ವಿಚಾರಣೆಯ ಫೈಲಿನಲ್ಲಿದ್ದ ನಕ್ಷೆ ಅವಳಿಗೆ ಬಾಯಿಪಾಠ. ಹಂದಿ ನಡುವೆ, ಅದರ ಎಡಕ್ಕೆ ಉದ್ದಣ್ಣ.

"ಎಡಕ್ಕೇ," ಅಂದಳು.

"ಹೂಂ," ಅಂದ ಮೇಸ್ತ್ರಿ. ಇನ್ನೇನೋ ಹೇಳಲು ಹೊರಟವನು ಬಂದೂಕು ಒರೆಸತೊಡಗಿದ.

ಸಾಹೇಬರಿಗೆ ಅವಳಿಗಿಂತ ಹೆಚ್ಚು ಸಂತೋಷವಾಯಿತು. ಅವರು ಕೆಟ್ಟವರಲ್ಲ. ತೆರೆದ ಫೈಲುಗಳು ಅಂದರೆ ಮಾತ್ರ ಅವರಿಗೆ ಕಾಲಿಗೆ ಚುಚ್ಚಿದ ಮುಳ್ಳು. "ನೋಡಮ್ಮ, ಒಂದೇ ಕಲ್ಲಿಗೆ ಎರಡು ಹಕ್ಕಿ. ಫೈಬರ್‌ಗ್ಲಾಸೇ ಬೇಕು ಅಂತ ಮೇಲಿನವರಿಗೆ ಬರೆಯೋಣ. ದುಬಾರಿ ಅಂತ ಅವರು ಮೂಗು ಮುರೀತಾರೆ. ಆಗ ಈ ಅಪಘಾತ ಮುಂದಿಟ್ಟರೆ ಬಾಯಿ ಮುಚ್ಕೋತಾರೆ. ಹೋದ ವರ್ಷದ ಘಟನೆಗೆ ಇದೇ ದೋಷ ಕಾರಣ ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿಬಿಡು. ನಿನ್ನ ತಮ್ಮನ ಫೈಲೂ ಮುಚ್ಚುತ್ತೆ, ಹುಡುಗ ಮತ್ತೆ ಕಾಡಿಗೆ ಹೋಗಲಿ."

ಅವಳು ಆ ದಿನ ಬಸ್ಸಿಗೂ ಕಾಯಲಿಲ್ಲ, ಎರಡು ಮೈಲಿ ನಡೆದೇ ಮನೆಗೆ ಬಂದಳು. ಅಡುಗೆಮನೆಯ ನೆಲದ ಮೇಲೆ ತಮ್ಮ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅವಳ ಗಂಡ ಬಸ್ ಡ್ರೈವರು, ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ಅವಳು ಚಪ್ಪಲಿ ಕಳಚುವ ಮುಂಚೆಯೇ ಎಲ್ಲ ಹೇಳಿದಳು. ಕಾಗದದ ಚೂರು, ಬಾಗಿದ ಮೂತಿ, ನಾಲ್ಕು ಬೆರಳು.

"ನಿನ್ನ ಕೈ ತಪ್ಪಿದ್ದಲ್ಲ ಕಣೋ," ಅಂದಳು. "ಆ ದರಿದ್ರ ಪ್ಲಾಸ್ಟಿಕ್ಕು ತಪ್ಪಿದ್ದು. ಬೆಲ್ಟು ಬಿಗಿದಾಗ ಎಡಕ್ಕೆ ಹೋಗುತ್ತೆ. ನಾನೇ ಅಳೆದು ನೋಡಿದೆ."

"ಸದ್ಯ," ಅಂದ ಗಂಡ. "ನಾನು ಅವತ್ತೇ ಹೇಳಲಿಲ್ಲವಾ?" ಅವನು ಯಾವತ್ತೂ ಹೇಳಿರಲಿಲ್ಲ. ಆದರೂ ಅವನ ಕಣ್ಣು ತುಂಬಿತ್ತು.

ತಮ್ಮ ತನ್ನ ಕೈಯಲ್ಲಿದ್ದ ಆಲೂಗಡ್ಡೆಯನ್ನು ಪೂರ್ತಿ ಸುಲಿದು, ನೀರಿಗೆ ಹಾಕಿ, ಚಾಕು ಕೆಳಗಿಟ್ಟ. "ಅಕ್ಕ, ಅವತ್ತು ಬಂದೂಕಿಗೆ ಬೆಲ್ಟೇ ಇರಲಿಲ್ಲ," ಅಂದ.

"ಏನಂದೆ?"

"ನೀರಿನ ಕ್ಯಾನಿನ ಹಿಡಿ ಕಿತ್ತುಹೋಗಿತ್ತು. ಬೆಳಗ್ಗೆಯೇ ಬೆಲ್ಟು ಬಿಚ್ಚಿ ಕ್ಯಾನಿಗೆ ಕಟ್ಟಿದ್ವಿ. ಬರೀ ಕೈಯಲ್ಲಿ ಹಿಡಿದು ಹೊಡೆದೆ ನಾನು."

ಅವಳು ಅಲ್ಲೇ ಕೂತಳು. ಬೆಲ್ಟಿಲ್ಲದೆ ಹಾರಿಸಿದ ಐದು ಗುಂಡುಗಳು ಲೋಟದ ಬಾಯಿಯೊಳಗೆ ಬಿದ್ದದ್ದು ಕಣ್ಣ ಮುಂದೆ ಬಂತು.

"ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಬೆಲ್ಟಿನ ವಿಷಯ ಯಾರೂ ಕೇಳಲಿಲ್ಲ." ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಾ ಮಾತು ಮುಂದುವರಿಸಿದ. ಎಂಟು ತಿಂಗಳಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. "ಹಂದಿ ಉದ್ದಣ್ಣನ ಹತ್ತಿರ ಹೋಗಿತ್ತು. ಅವನು ಅಡ್ಡ ಇದ್ದಾನೆ ಅಂತ ಕಣ್ಣಿಗೆ ಕಾಣಿಸ್ತಾ ಇತ್ತು ಅಕ್ಕ. ಕಾದಿದ್ದರೆ ಅದು ದಾಟಿ ಹೋಗ್ತಿತ್ತೋ ಏನೋ. ನನಗೆ ಹೆದರಿಕೆಯಾಯ್ತು. ಒತ್ತಿಬಿಟ್ಟೆ."

ತನ್ನ ಬಾಯಿಂದ ಬರುತ್ತದೆ ಅಂತ ಎಣಿಸಿರದ ಮಾತನ್ನು ಅವಳು ತಗ್ಗಿದ ದನಿಯಲ್ಲಿ ಆಡಿದಳು. "ಬೆಲ್ಟಿನ ವಿಷಯ ಇನ್ಯಾರಿಗೆ ಗೊತ್ತು?"

"ಉದ್ದಣ್ಣನಿಗೆ. ಕ್ಯಾನಿಗೆ ಗಂಟು ಹಾಕಿದ್ದು ಅವನೇ."

ಮಾರನೇ ದಿನ ಮಧ್ಯಾಹ್ನ ರಜೆ ಹಾಕಿ ಅವಳು ಉದ್ದಣ್ಣನ ಮನೆಗೆ ಹೋದಳು. ಯಾಕೆ ಹೋಗುತ್ತಿದ್ದೇನೆ ಅಂತ ಮನಸ್ಸನ್ನು ಕೇಳಿಕೊಳ್ಳಲಿಲ್ಲ, ಕೇಳಿದ್ದರೆ ಉತ್ತರಕ್ಕೆ ನಾಚಬೇಕಾಗುತ್ತಿತ್ತು. ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟಿಲ್ಲ. ಅಭ್ಯಾಸಬಲದಿಂದ ಮೆಟ್ಟಿಲು ಎಣಿಸಿದಳು, ಐವತ್ತನಾಲ್ಕು. ಮಡಚದ ಮಂಡಿಯ ಮನುಷ್ಯ ಇಷ್ಟನ್ನೂ ಹೇಗೆ ಇಳಿಯುತ್ತಾನೆ ಅಂತ ಯೋಚಿಸುತ್ತಾ ಹೋಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದದ್ದು ಅವನ ಹೆಂಡತಿ. ಕೈಯಲ್ಲಿ ಯಾರದೋ ಅಂಗಿ, ಬಾಯಲ್ಲಿ ಗುಂಡಿ ಹೊಲಿಯುವ ದಾರ. ಗುರುತು ಹಿಡಿದಳು, ಬನ್ನಿ ಅನ್ನಲಿಲ್ಲ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು ಅಷ್ಟೇ. ಒಳಗೆ ಉದ್ದಣ್ಣ ಎರಡು ಕುರ್ಚಿ ಜೋಡಿಸಿಕೊಂಡು ಕೂತಿದ್ದ, ಒಂದು ತನಗೆ, ಇನ್ನೊಂದು ಕಾಲಿಗೆ. ಮೊದಲಿಗಿಂತ ದಪ್ಪಗಾಗಿದ್ದ.

"ಬನ್ನಿ ಸ್ಕೇಲಕ್ಕ. ನನ್ನ ಕಾಲು ಅಳೆಯೋಕೆ ಬಂದ್ರಾ?" ಅಂದ. ನಗಿಸಲೆಂದೇ ಹೇಳಿದ್ದ, ಆದರೆ ಯಾರೂ ನಗಲಿಲ್ಲ.

ಅವಳು ಸುತ್ತು ಬಳಸದೆ ಸ್ಟಾಕಿನ ವಿಷಯ ಹೇಳಿದಳು. ಬೆಲ್ಟು ಬಿಗಿದರೆ ಎಡಕ್ಕೆ ಹೋಗುವುದನ್ನು ಹೇಳಿದಳು. ಸಾಹೇಬರು ಒಂದು ಸಾಲು ಬರೆಯಲು ಹೇಳಿದ್ದನ್ನೂ ಹೇಳಿದಳು.

ಉದ್ದಣ್ಣ ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ವಲ್ಪ ಪಕ್ಕಕ್ಕೆ ಇಟ್ಟುಕೊಂಡ. "ಬೆಲ್ಟು ಕ್ಯಾನಿನಲ್ಲಿತ್ತು," ಅಂದ.

"ಗೊತ್ತು. ಅವನು ಹೇಳಿದ."

"ಅವನೇ ಹೇಳಿದನಾ?" ಉದ್ದಣ್ಣ ಅವಳ ಮುಖವನ್ನೇ ನೋಡಿದ. "ನಾನು ಯಾರಿಗೂ ಹೇಳಿಲ್ಲ ಅಕ್ಕ. ಹಂದಿ ಮೈಮೇಲೆ ಬಂದಾಗ ಯಾರ ಕೈಯಾದರೂ ತಪ್ಪುತ್ತೆ, ಹುಡುಗನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು ಅಂತ ಸುಮ್ಮನಾದೆ. ನೀವು ಆ ಸಾಲು ಬರೀತೀರಾ, ಬರೀರಿ. ನಾನು ಅಡ್ಡ ಬರಲ್ಲ. ಆದರೆ ನನ್ನ ಮುಂದೆ ಬಂದು ಪ್ಲಾಸ್ಟಿಕ್ಕಿನ ಕಥೆ ಮಾತ್ರ ಹೇಳಬೇಡಿ."

"ಇವರು ಅಡ್ಡ ಬರಲ್ಲ," ಅಂದಳು ಹೆಂಡತಿ ಗುಂಡಿಯಿಂದ ಕಣ್ಣೆತ್ತದೆ. "ಎಂಟು ತಿಂಗಳಾಯ್ತು. ನಿಮ್ಮ ತಮ್ಮ ಒಂದು ಸಲವೂ ಈ ಮೆಟ್ಟಿಲು ಹತ್ತಿ ಬರಲಿಲ್ಲ. ಆಸ್ಪತ್ರೆಗೂ ಇಲ್ಲ, ಮನೆಗೂ ಇಲ್ಲ. ಇವರು ಬಾಗಿಲು ಸದ್ದಾದಾಗಲೆಲ್ಲ ನೋಡ್ತಾರೆ. ಅದನ್ನೂ ಬರ್ಕೊಳ್ಳಿ ನಿಮ್ಮ ರಿಪೋರ್ಟಿನಲ್ಲಿ."

ಉದ್ದಣ್ಣ ಹೆಂಡತಿಯನ್ನು ತಡೆಯಲಿಲ್ಲ. ಸ್ಕೇಲಕ್ಕ ಎದ್ದು ಮೆಟ್ಟಿಲಿಳಿದಳು.

ಮನೆಯಲ್ಲಿ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಹಿಮ, ಬಿಸಿ, ಬೀಳಿಸಿದ್ದು, ಗಾಳಿಗುಳ್ಳೆ, ಬೆಲ್ಟು ಬಿಗಿದಾಗ ನಾಲ್ಕು ಬೆರಳು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. ಪ್ಲಾಸ್ಟಿಕ್ ಆಗಲ್ಲ, ಫೈಬರ್‌ಗ್ಲಾಸ್ ಆಗಬಹುದು, ಆದರೆ ಒಂದೊಂದನ್ನೂ ತಟ್ಟಿ ಸದ್ದು ಕೇಳಿ ತೆಗೆದುಕೊಳ್ಳಬೇಕು ಅಂತ ಬರೆದಳು. ಕೊನೆಗೆ ಒಂದು ಸಾಲು ಸೇರಿಸಿದಳು. ಘಟನೆಯ ದಿನ ಬಂದೂಕಿಗೆ ಬೆಲ್ಟು ಇರಲಿಲ್ಲವಾದ್ದರಿಂದ ಈ ದೋಷಕ್ಕೂ ಆ ಘಟನೆಗೂ ಸಂಬಂಧವಿಲ್ಲ. ಬರೆದ ಮೇಲೆ ಪೆನ್ನು ಕೆಳಗಿಟ್ಟು ತಮ್ಮನನ್ನು ಕರೆದಳು.

"ಇದನ್ನ ಓದು. ಆ ಸಾಲು ಬರೀದೆ ಬಿಟ್ಟರೆ ಸಾಹೇಬರೇ ಅವರಿಗೆ ಬೇಕಾದ ಸಾಲು ಬರ್ಕೋತಾರೆ. ಬರೆದರೆ ನಿನ್ನ ಕುತ್ತಿಗೆಗೆ ಬರುತ್ತೆ. ನನಗೆ ತಲೆ ಓಡ್ತಾ ಇಲ್ಲ ಕಣೋ. ನೀನೇ ಹೇಳು."

ಅವನು ನಿಂತುಕೊಂಡೇ ಎರಡು ಸಲ ಓದಿದ. "ಇದನ್ನ ಹೇಳಿದ್ದು ನಾನು ಅಂತ ಸೇರಿಸು," ಅಂದ. "ನೀನು ಎಲ್ಲೋ ಕೇಳಿ ಬರೆದ ಹಾಗಿರಬಾರದು." ಅವಳು ಸೇರಿಸಿದಳು. ಅವನು ಅದರ ಕೆಳಗೆ ಸಹಿ ಹಾಕಿದ. ಅವಳ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, "ಅಕ್ಕ ತಮ್ಮ ಇಬ್ಬರಿಗೂ ಬುದ್ಧಿ ಕೆಟ್ಟಿದೆ," ಅಂತ ಹೇಳಿ ಹೊರಗೆ ಹೋಗಿ ಬಹಳ ಹೊತ್ತು ಬೀದಿಯಲ್ಲೇ ನಿಂತಿದ್ದ.

ಸಾಹೇಬರು ವರದಿ ಓದಿ ಕನ್ನಡಕ ತೆಗೆದರು. "ಏನಮ್ಮ ಇದು? ದಡ ಸೇರಿದ ದೋಣಿಗೆ ನೀನೇ ತೂತು ಹೊಡೀತೀಯಾ?" ಅಂದರು. ಆದರೆ ಗದರಲಿಲ್ಲ, ಫೈಲನ್ನು ಕಟ್ಟಿ ಮೇಲಕ್ಕೆ ಕಳಿಸಿದರು.

ತಮ್ಮ ಆ ಭಾನುವಾರ ಉದ್ದಣ್ಣನ ಮನೆಗೆ ಹೋದ. ಎರಡು ಗಂಟೆ ಕಳೆದು ಬಂದ. ಅವಳು ಏನಾಯಿತು ಅಂತ ಕೇಳಿದಾಗ, "ಏನಿಲ್ಲ. ಕೂತಿದ್ದೆ. ಅವನೂ ಕೂತಿದ್ದ," ಅಂದ. "ಅತ್ತಿಗೆ ನೀರು ಕೊಡಲಿಲ್ಲ. ಹೊರಡುವಾಗ, ಬರೋ ವಾರ ಬರೋದಾದರೆ ಮಧ್ಯಾಹ್ನ ಬಾ, ಬೆಳಗ್ಗೆ ಅವರಿಗೆ ನೋವು ಜಾಸ್ತಿ ಇರುತ್ತೆ ಅಂದರು." ಅಷ್ಟು ಹೇಳಿ ಮುಖ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದ.

ಒಂದೂವರೆ ತಿಂಗಳಿಗೆ ಮೇಲಿನಿಂದ ಎರಡು ಆದೇಶ ಒಟ್ಟಿಗೆ ಬಂದವು. ಒಂದರಲ್ಲಿ, ಪಕ್ಕದಲ್ಲೇ ಮನುಷ್ಯ ಇದ್ದರೂ ಗುಂಡು ಹಾರಿಸಿದ್ದಕ್ಕೆ ತಮ್ಮನ ಬಂದೂಕು ಹಿಡಿಯುವ ಪರವಾನಗಿ ರದ್ದು, ಉಗ್ರಾಣಕ್ಕೆ ವರ್ಗ. ಅದಕ್ಕೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇನ್ನೊಂದಕ್ಕೆ ಮಾಡಿಕೊಂಡಿರಲಿಲ್ಲ. ಬೆಲ್ಟು ಬಿಗಿದಾಗ ಮಾತ್ರ ದೋಷ ಕಾಣುವುದರಿಂದಲೂ, ಅದರಿಂದ ಈವರೆಗೆ ಯಾರಿಗೂ ತೊಂದರೆಯಾಗಿಲ್ಲವೆಂದು ವರದಿಯೇ ಹೇಳುವುದರಿಂದಲೂ, ಬೀಳಿಸಿದಾಗ ಚಕ್ಕೆ ಎದ್ದಿದ್ದು ಫೈಬರ್‌ಗ್ಲಾಸೇ ಆದ್ದರಿಂದಲೂ, ಪ್ಲಾಸ್ಟಿಕ್ ಸ್ಟಾಕುಗಳಿಗೆ ಒಪ್ಪಿಗೆ ಕೊಡಲಾಗಿದೆ. ಹಾರಿಸುವಾಗ ಬೆಲ್ಟು ಬಿಗಿಯಬಾರದೆಂದು ಸಿಬ್ಬಂದಿಗೆ ತಿಳಿಸುವುದು.

ಅವಳು ಆ ಕಾಗದ ಹಿಡಿದು ಮೇಸ್ತ್ರಿಯ ಶೆಡ್ಡಿಗೆ ಹೋದಳು. "ನಾನು ಬರೆದ ಸತ್ಯವನ್ನೇ ಹಿಡ್ಕೊಂಡು ನನ್ನ ಮಾತು ಹೊಡೆದು ಹಾಕಿದ್ದಾರೆ," ಅಂದಳು. "ಆ ಒಂದು ಸುಳ್ಳು ಸಾಲು ಬರೆದಿದ್ದರೆ ನಾನೂರು ಜನರ ಕೈಗೆ ಒಳ್ಳೆ ಸ್ಟಾಕು ಬರ್ತಿತ್ತು."

ಮೇಸ್ತ್ರಿ ಕೇಳಿಸುವ ಕಿವಿಯನ್ನು ಅವಳ ಕಡೆ ತಿರುಗಿಸಿ ಪೂರ್ತಿ ಕೇಳಿದ. "ಬರ್ತಿತ್ತು," ಅಂದ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ಒಂದು ಪ್ಲಾಸ್ಟಿಕ್ ಸ್ಟಾಕನ್ನು ಮಗುಚಿ ಹಿಡಿದು, "ಮೂತಿಯೊಳಗೆ ಟೊಳ್ಳಿದೆಯಲ್ಲ, ಅದರಲ್ಲಿ ಎರಡು ಅಲ್ಯೂಮಿನಿಯಂ ಸರಳು ಕೂರಿಸಿ ಗಟ್ಟಿ ಅಂಟು ಸುರಿದರೆ ಸ್ವಲ್ಪ ಬಿಗಿ ಬರುತ್ತೆ. ನಳಿಗೆ ಕೂರೋ ಕಾಲುವೆಯನ್ನ ಒಂದು ಕೂದಲಿನಷ್ಟು ಅಗಲ ಮಾಡಬೇಕು. ಒಂದೊಂದಕ್ಕೂ ಅರ್ಧ ದಿನ ಹಿಡಿಯುತ್ತೆ," ಅಂದ.

"ನಾನೂರಕ್ಕೂ?"

"ನನಗೆ ಇನ್ನೂ ಎರಡು ವರ್ಷ ಇದೆ."

ಸಾಹೇಬರನ್ನು ಕೇಳಿದ್ದಕ್ಕೆ ಅವರು, "ರಿಪೇರಿ ಅಂತ ಬರ್ಕೋ, ನನ್ನ ಮುಂದೆ ಹೇಳಬೇಡ," ಅಂದರು. ಹೀಗೆ ಕೆಲಸ ಶುರುವಾಯಿತು. ಉಗ್ರಾಣಕ್ಕೆ ಬಂದ ತಮ್ಮನ ಕೈಗೆ ಮೇಸ್ತ್ರಿ ಒಂದು ದುಂಡನೆಯ ಮರದ ಕಡ್ಡಿಗೆ ಉಪ್ಪುಕಾಗದ ಸುತ್ತಿ ಕೊಟ್ಟ. ಕಾಲುವೆ ಉಜ್ಜುವುದು ಅವನ ಪಾಲಿಗೆ ಬಂತು. ಅಂಟು ಸುರಿಯುವುದು ಮೇಸ್ತ್ರಿ. ಕಾಗದದ ಚೂರು ತೂರಿಸಿ ನೋಡುವುದು ಅವಳು. ಸರಿಮಾಡಿದ ಮೊದಲನೆಯದನ್ನು ಬೆಲ್ಟು ಬಿಗಿದು ಹಾರಿಸಿದಾಗ ಗುಂಡು ಒಂದೂವರೆ ಬೆರಳು ಎಡಕ್ಕೆ ಬಿತ್ತು. ನಾಲ್ಕರಿಂದ ಒಂದೂವರೆಗೆ ಇಳಿದಿತ್ತು, ಸೊನ್ನೆ ಆಗಿರಲಿಲ್ಲ. ಮೇಸ್ತ್ರಿ ಇನ್ನೂ ಎರಡು ಸಲ ಅಂಟು ಬದಲಿಸಿ ನೋಡಿದ. ಅದಕ್ಕಿಂತ ಕೆಳಗೆ ಬರಲಿಲ್ಲ.

ಮೊದಲ ಇಪ್ಪತ್ತು ಸಿದ್ಧವಾದಾಗ ದೂರದ ಠಾಣೆಯಿಂದ ಒಬ್ಬಳು ಕಾವಲುಗಾರ್ತಿ ಜೀಪಿನಲ್ಲಿ ಬಂದಳು. ವಯಸ್ಸಾದವಳು, ತಮ್ಮನ ವಿಷಯ ಗೊತ್ತಿದ್ದವಳು. ರಸೀದಿಗೆ ಸಹಿ ಹಾಕುವಾಗ ಸ್ಕೇಲಕ್ಕ ಆದೇಶದ ಮಾತು ಹೇಳಿದಳು. "ಹಾರಿಸುವಾಗ ಬೆಲ್ಟು ಬಿಗಿಯಬೇಡಿ ಅಂತ ಎಲ್ಲರಿಗೂ ಹೇಳಿಬಿಡಿ."

"ಯಾಕಂತೆ? ಅದು ಬಿಗಿದರೆ ತಾನೇ ಕೈ ನಿಲ್ಲೋದು?" ಅಂದಳು ಆಕೆ.

ಮೂಲೆಯಲ್ಲಿ ಉಜ್ಜುತ್ತಿದ್ದ ತಮ್ಮ ಎದ್ದು ಬಂದ. ಒಂದು ಸ್ಟಾಕು ತೆಗೆದು, ನಳಿಗೆ ಕೂರಿಸಿ, ಕಾಗದದ ಚೂರು ತೂರಿಸಿ, ಬೆಲ್ಟು ಎಳೆದು, ಕಾಗದ ಎಲ್ಲಿ ಬಿಗಿಯಾಗುತ್ತದೆ ಅಂತ ತೋರಿಸಿದ. ಎಷ್ಟು ಎಳೆದರೆ ಪರವಾಗಿಲ್ಲ, ಎಲ್ಲಿಂದಾಚೆ ಎಳೆಯಬಾರದು ಅಂತ ಎರಡೆರಡು ಸಲ ಮಾಡಿ ತೋರಿಸಿದ. ಆಕೆ ಅವನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ತಾನೂ ಒಂದು ಸಲ ಎಳೆದು ನೋಡಿದಳು. "ಆಯ್ತು, ತೋರಿಸ್ತೀನಿ ಅವರಿಗೆ," ಅಂದು ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಜೀಪು ಗೇಟು ದಾಟುವ ತನಕ ಮೂವರೂ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಮೇಸ್ತ್ರಿ ಅಂಟು ಒಣಗುತ್ತದೆ ಅಂತ ಒಳಗೆ ಹೋದ. ತಮ್ಮ ತನ್ನ ಮೂಲೆಗೆ ಹೋಗಿ ಕೂತ. ಅವಳು ಇಪ್ಪತ್ತೊಂದನೆಯದನ್ನು ಎತ್ತಿಕೊಂಡು, ನಳಿಗೆ ಕೂರಿಸಿ ಕಾಗದ ತೂರಿಸಿದಳು. ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. "ಇದನ್ನ ಇನ್ನೊಂದು ಸ್ವಲ್ಪ ಉಜ್ಜು," ಅಂತ ಅವನ ಕೈಗೆ ಕೊಟ್ಟಳು.